ಗಂಗಮ್ಮನ ಪಾಲಿನ ಬೆಲ್ಲ

ಕೂತ್ಕೊಳ್ಳಿ ಎಲ್ಲರೂ. ನಲ್ಲಿ ತಿರುಗಿಸಿ ತಿರುಗಿಸಿ ನೋಡಿದರೆ ನೀರು ಬರೋದಿಲ್ಲ. ಬೋರಿನ ಮೋಟಾರು ನಿಂತಿದೆ, ಮೇಲಿನ ಟ್ಯಾಂಕು ಬರಿದಾಗಿದೆ. ತರೀಕೆರೆಗೆ ಫೋನ್ ಮಾಡಿದ್ದೀನಿ, ಚಂದ್ರು ಹೊರಟಿದ್ದಾನೆ. ಅಲ್ಲಿಂದ ನಮ್ಮ ಶಿವನಿ ಊರಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಹಗಲೇ ಬಂದರೂ ಪ್ರಯೋಜನ ಇರಲಿಲ್ಲ ಬಿಡಿ, ಈ ಕಡೆ ಹೊಲಗಳಿಗೆ ತ್ರೀ ಫೇಸ್ ಕರೆಂಟು ಕೊಡೋದೇ ಊರು ಮಲಗಿದ ಮೇಲೆ.

ಸೌಮ್ಯಾ, ಮುಖ ಊದಿಸ್ಕೋಬೇಡ ಕಣೇ. ಸ್ನಾನ ಮಾಡದೆ ಒಂದು ರಾತ್ರಿ ಮಲಗಿದರೆ ನಿನ್ನ ಬಣ್ಣ ಏನೂ ಕರಗೋದಿಲ್ಲ. ಭುವನಾ, ನೀನು ಹಿಂದಿನ ಬಾಗಿಲು ಮುಂದಕ್ಕೆ ಹಾಕಿ ಬಾ. ಚಿಲಕ ಹಾಕಬೇಡ... ಹಾಂ, ಅಷ್ಟು ಸಾಕು.

ಅವನು ಬರೋದರೊಳಗೆ ನಿಮಗೊಂದು ವಿಷಯ ಹೇಳಿಬಿಡ್ತೀನಿ. ಹೇಳದೇ ಇದ್ದರೆ ಅವನು ಬಂದಾಗ ನೀವು ಏನಾದರೂ ಎಡವಟ್ಟು ಮಾಡ್ತೀರ. ನಗೋ ಹಾಗಿದ್ದರೆ ಈಗಲೇ ನಕ್ಕುಬಿಡಿ.

ಚಂದ್ರಕುಮಾರ ನನ್ನ ಚಿಕ್ಕಮ್ಮನ ಮಗ. ನಿಮಗೆಲ್ಲ ಚಂದ್ರು ಮಾವ. ಕೆಟ್ಟ ಬೋರುಗಳನ್ನ ರಿಪೇರಿ ಮಾಡೋದು ಅವನ ಕಸುಬು. ಟೆಂಪೋ ಇದೆ, ಟೆಂಪೋ ಮೇಲೆ ಮೋಟಾರು ಎತ್ತೋ ಮಿಷನ್ ಇದೆ, ಬಾಗಿಲಿನ ಮೇಲೆ ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಹೆಸರಿದೆ. ಅವನ ಮನೆ ಒಕ್ಕಲಿಗೆ ನಾನೇ ಒಂದು ವಾಚು ಕೊಟ್ಟಿದ್ದೆ, ಹಸಿರು ಪಟ್ಟಿದು. ‘ಇದೇನಕ್ಕಾ ಗಿಳಿ ಬಣ್ಣ’ ಅಂತ ಗೇಲಿ ಮಾಡಿದ್ದ. ಆದರೂ ಅವತ್ತಿಂದ ಬಿಚ್ಚಿಲ್ಲ. ಒಳ್ಳೆ ಹುಡುಗ. ಒಂದೇ ಕಾಯಿಲೆ... ಹೊಟ್ಟೆಕಿಚ್ಚು. ಅದೂ ಯಾರ ಮೇಲೆ ಅಂತೀರ? ಅವನಿಗೆ ಕೆಲಸ ಕಲಿಸಿದ ಪುಟ್ಟಯ್ಯನ ಮೇಲೆ.

ಅಜ್ಜಂಪುರದ ಪುಟ್ಟಯ್ಯ. ನೀವು ನೋಡಿಲ್ಲ. ತಲೆಗೊಂದು ಟವಲ್ಲು, ಹಳೇ ಎಕ್ಸೆಲ್ ಗಾಡಿ, ಗಾಡಿ ಹಿಂದೆ ಗೋಣಿಚೀಲದಲ್ಲಿ ಚೈನು, ರೆಂಚು. ಅಷ್ಟೇ ಆಸ್ತಿ. ಯಾವ ಬೋರಿಗೆ ಹೋದರೂ ಮೊದಲು ರೆಂಚಿನಿಂದ ಬೋರಿನ ಬಾಯಿಗೆ ಕೂರಿಸಿರೋ ಕೇಸಿಂಗ್ ಪೈಪಿಗೆ ಎರಡು ಸಲ ತಟ್ಟುತ್ತಿದ್ದ. ಠಣ್... ಠಣ್. ಪರರ ಮನೆ ಬಾಗಿಲು ತಟ್ಟೋ ಹಾಗೆ. ಆಮೇಲೆ ಬಗ್ಗಿ ಪೈಪಿಗೆ ಬಾಯಿಟ್ಟು ಪಿಸುಗುಡೋನು, ‘ಬಂದೆ ಕಣವ್ವಾ...’ ಅಂತ. ಒಳಗೆ ಗಂಗಮ್ಮ ಇದ್ದಾಳಲ್ಲ, ಹೇಳದೆ ಕೇಳದೆ ಕೈ ಹಾಕಬಾರದಂತೆ.

ನೀರು ಬಂದ ಮೇಲೆ ಮನೆ ಹೆಂಗಸಿನ ಹತ್ತಿರ ಒಂದು ತುಂಡು ಬೆಲ್ಲ ಕೇಳೋನು. ಅರ್ಧ ಕಚ್ಚಿ ತಿಂದು, ಉಳಿದರ್ಧ ಕೇಸಿಂಗಿನ ಮುಚ್ಚಳದ ಮೇಲೆ ಇಟ್ಟು ಹೋಗೋನು. ಎಂಜಲು ಇಡಬಹುದಾ ಅಂದರೆ, ‘ದುಡಿದೋನೂ ಅವಳೂ ಹಂಚ್ಕೊಂಡು ತಿನ್ನೋದು ಕಣ್ರವ್ವಾ, ಅದಕ್ಕೆ ಮಡಿ ಗಿಡಿ ಇಲ್ಲ’ ಅನ್ನೋನು. ಆದರೆ ಆ ಅರ್ಧ ಅವಳ ಪಾಲು. ಅದನ್ನ ಬೇರೆ ಯಾರೂ ಮುಟ್ಟಬಾರದು. ಚಂದ್ರುಗೂ ಮೊದಲ ದಿನವೇ ಹೇಳಿದ್ದ.

ಜನಕ್ಕೆ ಪುಟ್ಟಯ್ಯ ಅಂದರೆ ಪ್ರಾಣ. ಅವನ ಕೈಗುಣ ದೊಡ್ಡದು, ಅವನು ಮುಟ್ಟಿದರೆ ಬತ್ತಿದ ಬೋರಲ್ಲೂ ನೀರು ಅನ್ನೋರು. ಚಂದ್ರು ಬೇರೆ ಅಂಗಡಿ ಹಾಕಿ, ಸಾಲ ಸೋಲ ಮಾಡಿ ಮಿಷನ್ ತಂದ. ಪುಟ್ಟಯ್ಯ ಇಡೀ ದಿನ ಎಳೆಯೋ ಮೋಟಾರನ್ನ ಇವನು ಕಾಫಿ ಕುಡಿಯೋದರೊಳಗೆ ಎತ್ತಿಬಿಡೋನು. ಎತ್ತಿ, ಬಿಚ್ಚಿ, ಕಟ್ಟಿ, ಇಳಿಸಿ, ಬೆವರು ಒರೆಸಿಕೊಂಡು ನಿಂತರೆ ಆ ಮನೆಯೋರು ಏನನ್ನೋರು ಗೊತ್ತಾ? ‘ಪರವಾಗಿಲ್ಲ ಕಣಪ್ಪಾ, ಪುಟ್ಟಯ್ಯನ ಹಂಗೇ ಮಾಡ್ದೆ.’

ಆ ಮಾತಿಗೆ ಅವನ ಹೊಟ್ಟೆ ಉರಿದು ಬೂದಿ ಆಗೋದು. ರಾತ್ರಿ ಊಟಕ್ಕೆ ಕೂತರೂ ಹೆಂಡತಿ ಹೇಮಶ್ರೀ ಹತ್ತಿರ ಅದೇ ರಾಗ. ಅವಳು ಪಾಪ, ‘ಹೋಗ್ಲಿ ಬಿಡ್ರೀ, ವಯಸ್ಸಾದೋರು’ ಅಂದರೆ, ‘ನೀನೂ ಅವನ ಕಡೆನೇ’ ಅಂತ ತಟ್ಟೆ ತಳ್ಳಿ ಏಳೋನು.

ಆಮೇಲೆ ಪುಟ್ಟಯ್ಯ ತೀರಿಕೊಂಡ. ದೆವ್ವ ಆಗೋವಂಥ ಸಾವೇನಲ್ಲ, ಎದೆನೋವು, ಮನೆಯಲ್ಲೇ, ಮಂಚದ ಮೇಲೆ. ಚಂದ್ರು ಹೋಗಿ ಹೆಗಲು ಕೊಟ್ಟ. ಅತ್ತ ಕೂಡ. ಆದರೆ ಅವನೇ ನನಗೆ ಹೇಳಿದ್ದು ಇದು... ಮಣ್ಣು ಹಾಕಿ ತಿರುಗುವಾಗ ಒಳಗೊಳಗೇ, ಇನ್ನು ಮೇಲೆ ಎಲ್ಲರೂ ನನ್ನನ್ನೇ ಕರೀತಾರೆ ಅಂತ ಹಗುರ ಆಯ್ತಂತೆ.

ಕರೆದರು. ಫೋನ್ ಬಿಡುವಿಲ್ಲದೆ ಬಡಕೊಳ್ಳೋಕೆ ಶುರುವಾಯ್ತು. ಆದರೆ ಕರೆದೋರೆಲ್ಲ ಏನನ್ನೋರು? ‘ಪುಟ್ಟಯ್ಯ ಇದ್ದಿದ್ರೆ ಇಷ್ಟೊತ್ತಿಗೆ ನೀರು ಬಂದಿರೋದು.’ ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗೆ. ಬದುಕಿದ್ದಾಗ ಇದ್ದ ಕೈಗುಣ ಸತ್ತ ಮೇಲೆ ಎರಡರಷ್ಟಾಯ್ತು. ಬದುಕಿರೋನ ಜೊತೆ ಪೈಪೋಟಿ ಮಾಡಬಹುದು, ಸತ್ತೋನ ಜೊತೆ ಯಾರು ಮಾಡ್ತಾರೆ ಹೇಳಿ.

ಮೊದಲನೇ ಸಲ ಆಗಿದ್ದು ಕೆಮ್ಮಣ್ಣುಗುಂಡಿ ದಾರಿಯಲ್ಲಿ. ಹೆಬ್ಬೆ ಫಾಲ್ಸ್ ನೋಡೋಕೆ ಬರೋರಿಗೆ ಅಂತ ಅಲ್ಲಲ್ಲಿ ಕಾಟೇಜು ಕಟ್ಟಿದಾರಲ್ಲ, ರಜೆ ಬಂದರೆ ಜಾತ್ರೆ, ಇಲ್ಲದಿದ್ದರೆ ಬೀಗ. ಬಳಸದೆ ಬಿಟ್ಟ ಮೋಟಾರು ತಿರುಗದೆ ಕಚ್ಚಿಕೊಂಡುಬಿಡುತ್ತೆ. ಸರಿಯಾಗಿ ಜನ ತುಂಬಿದ ದಿನವೇ ನಿಲ್ಲುತ್ತೆ. ಅವತ್ತೂ ಹಾಗೇ ಆಗಿ, ಅಲ್ಲಿ ನೋಡಿಕೊಳ್ಳೋ ಓಬಮ್ಮ ಅಳೋ ದನಿಯಲ್ಲಿ ಫೋನ್ ಮಾಡಿದಳು. ಕಾಟೇಜು ತುಂಬ ಜನ, ಕಕ್ಕಸಿಗೂ ನೀರಿಲ್ಲ.

ಕಾಟೇಜಿಗೆ ಹೋಗೋ ಕಿರುದಾರಿಯಲ್ಲಿ ಜನರ ಕಾರುಗಳು ಅಡ್ಡಡ್ಡ ನಿಂತಿದ್ದವು. ಟೆಂಪೋ ನುಗ್ಗಲಿಲ್ಲ. ದಾರಿ ಬಿಡಿಸೋಣ ಅಂತ ಚಂದ್ರು ಇಳಿದು ನಡೆದ. ಅರ್ಧ ದಾರಿಗೆ ಒಂದು ಆಲದ ಮರ, ಅದರ ಪಕ್ಕ ಯಾರೂ ಬಳಸದ ಹಳೇ ಸೇದೋ ಬಾವಿ. ರಾಟೆ ಮುರಿದು ನೇತಾಡ್ತಿತ್ತು. ಗಾಳಿಗೆ ಕಿರ್ರ್... ಕಿರ್ರ್. ಅದನ್ನ ದಾಟಿದ. ಆಗ ಮೇಲೆ ಕಾಟೇಜಿನ ಕಡೆಯಿಂದ ಬಂತು.

ಠಣ್... ಠಣ್.

ಕಬ್ಬಿಣದ ಮೇಲೆ ಕಬ್ಬಿಣ. ಎರಡೇ ಸಲ. ನಿಂತು ಕೇಳಿದ. ಕಟ ಕಟ ಕಟ ಅಂತ ಚೈನು ಎಳೆಯೋ ಸದ್ದು. ಆಮೇಲೆ ಪೈಪಿನೊಳಗೆ ನೀರು ಏರೋವಾಗ ಬರುತ್ತಲ್ಲ, ಗೊಳಗೊಳ... ಗೊಳಗೊಳ... ಅದು.

ಓಡಿದ. ಹೋಗಿ ನೋಡಿದರೆ ಟ್ಯಾಂಕು ತುಂಬಿ ಚೆಲ್ತಿದೆ. ಓಬಮ್ಮ ನಗ್ತಾ ನಿಂತಿದ್ದಾಳೆ.

‘ಬಂದ್ರಾ? ನಿಮ್ಮೋರು ಆಗ್ಲೇ ಬಂದು ಮಾಡ್ಕೊಟ್ಟು ಹೋದ್ರಲ್ಲ.’

‘ನಮ್ಮೋರು ಯಾರು?’

‘ವಯಸ್ಸಾದೋರು. ತಲೆಗೆ ಟವಲ್ಲು. ಮಾತೇ ಕಮ್ಮಿ. ಒಂದು ಚೂರು ಬೆಲ್ಲ ಈಸ್ಕೊಂಡ್ರು.’

ಕೇಸಿಂಗಿನ ಮುಚ್ಚಳದ ಮೇಲೆ ಕಚ್ಚಿದ ಬೆಲ್ಲ ಇತ್ತು. ಓಬಮ್ಮ ಹೊಸಬಳು, ಪುಟ್ಟಯ್ಯನ ಮುಖ ಕಂಡವಳಲ್ಲ.

ನೀವಾಗಿದ್ದರೆ ಏನು ಮಾಡ್ತಿದ್ರಿ? ಕಿರುಚಿಕೊಂಡು ಓಡ್ತಿದ್ರಿ. ಚಂದ್ರುಗೆ ಹೆದರಿಕೆ ಬರಲಿಲ್ಲ, ಕೋಪ ಬಂತು. ಕಡೂರಿನಲ್ಲಿ ಕಾಂತರಾಜು ಅಂತ ಇನ್ನೊಬ್ಬ ಮೆಕ್ಯಾನಿಕ್ಕು. ಅವನೇ ಯಾರಿಗೋ ಪುಟ್ಟಯ್ಯನ ವೇಷ ಕಟ್ಟಿ, ನನ್ನ ಗಿರಾಕಿ ಹೊಡೀತಿದ್ದಾನೆ ಅಂದುಕೊಂಡ. ಹೊಟ್ಟೆಕಿಚ್ಚಿನ ಕಣ್ಣಿಗೆ ದೆವ್ವ ಕೂಡ ಪೈಪೋಟಿ ಅಂಗಡಿಯೋನ ಹಾಗೇ ಕಾಣುತ್ತೆ ನೋಡಿ.

ಆಮೇಲೆ ಬೀರೂರು ಕಡೆ ಒಂದು ಮನೆಯಲ್ಲೂ ಹಾಗೇ ಆಯ್ತು. ಲಿಂಗದಹಳ್ಳಿ ಕಡೆಯೂ ಆಯ್ತು. ಇವನು ಹೋಗೋದರೊಳಗೆ ನೀರು ಬಂದಿರೋದು. ಯಾರೋ ಮುದುಕ. ಅರ್ಧ ಬೆಲ್ಲ. ಅಷ್ಟು ಹೊತ್ತಾದರೂ ಬೆಲ್ಲಕ್ಕೆ ಒಂದು ಇರುವೆ ಮುತ್ತಿರಲಿಲ್ಲ.

ಹಿಡಿಯಲೇಬೇಕು ಅಂತ ಚಂದ್ರು ಕಾದುಕೊಂಡಿದ್ದ. ಎಮ್ಮೆದೊಡ್ಡಿಯಿಂದ ಲಕ್ಷ್ಮಣಪ್ಪ ಫೋನ್ ಮಾಡಿದ. ದನ ಮೇಯೋ ಹುಲ್ಲುಗಾವಲು, ಆ ಕಾವಲಿನ ಅಂಚಿಗೆ ಅವನ ಮನೆ, ಕೊಟ್ಟಿಗೆ ತುಂಬ ದನ. ಬೋರು ನಿಂತು ದನಗಳು ಬಾಯಾರಿ ಅರಚ್ತಿವೆ ಅಂದ. ಇವನು ಸಿದ್ಧವಾಗೇ ಇದ್ದ. ಹೊರಟ. ಎಲ್ಲೂ ನಿಲ್ಲಿಸಲಿಲ್ಲ.

ಮನೆ ಇನ್ನೂ ದೂರ ಇದ್ದಾಗಲೇ ಟೆಂಪೋ ಲೈಟು ಆರಿಸಿ ಇಳಿದ. ಕಾವಲಿನ ಹುಲ್ಲಿನಲ್ಲಿ ಚಪ್ಪಲಿ ಸದ್ದು ಕೂಡ ಆಗದ ಹಾಗೆ ನಡೆದ. ದನ ಅರಚೋದು ಕೇಳ್ತಿತ್ತು. ಹತ್ತಿರ ಹೋದ ಹಾಗೆ... ಒಂದೊಂದೇ ದನ ಸುಮ್ಮನಾಯ್ತು. ಕೊನೆಗೆ ಎಲ್ಲವೂ ಸುಮ್ಮನಾದವು.

ಠಣ್... ಠಣ್.

ಬೋರಿನ ಹತ್ತಿರ ಒಬ್ಬ ಬಗ್ಗಿ ಕೂತಿದ್ದ. ಬೆನ್ನು ಇವನ ಕಡೆ. ಪೈಪಿಗೆ ಬಾಯಿಟ್ಟು ಏನೋ ಹೇಳ್ತಿದ್ದ.

‘ಯಾರಯ್ಯಾ ಅದು?’

ತಿರುಗಲಿಲ್ಲ. ಪಿಸುಮಾತು ಮಾತ್ರ ಬಂತು. ‘ಮೆಲ್ಲಗೆ... ನೀರು ಹತ್ತಾ ಐತೆ.’

ಆ ದನಿ ಚಂದ್ರುಗೆ ಗೊತ್ತು. ಆ ದನಿ ಕೇಳಿಯೇ ಕೆಲಸ ಕಲಿತೋನು ಅವನು. ಆಗಲಾದರೂ ಓಡಬೇಕಿತ್ತಲ್ಲ? ಓಡಲಿಲ್ಲ.

‘ಸತ್ ಮೇಲೂ ಬಿಡಕ್ಕಿಲ್ವಾ ನನ್ನ? ಅವ್ರು ಫೋನ್ ಮಾಡಿದ್ದು ನಂಗೆ.’

‘ಹೂಂ... ಫೋನ್ ನಿಂಗೆ ಮಾಡ್ತಾರೆ. ಕಾಯೋದು ನನ್ನ ಕಣಪ್ಪಾ.’

ಪೈಪಿನೊಳಗೆ ಗೊಳಗೊಳ.

‘ನಂಗೂ ಸಾಕಾಗೈತೆ ಚಂದ್ರು... ಯಾರೂ ಬಿಡಕ್ಕಿಲ್ಲ.’

‘ಹಂಗಾದ್ರೆ ಆ ಕೈನ ನಂಗೆ ಕೊಟ್ಟು ಹೋಗು.’

ಅಷ್ಟರಲ್ಲಿ ಮನೆ ಕಡೆಯಿಂದ ಲಕ್ಷ್ಮಣಪ್ಪ ಟಾರ್ಚು ಹಿಡ್ಕೊಂಡು ಬಂದ. ಬೆಳಕು ಬಿದ್ದರೆ ಅಲ್ಲಿ ಯಾರೂ ಇಲ್ಲ. ತೊಟ್ಟಿಗೆ ನೀರು ಬೀಳ್ತಿದೆ. ಮುಚ್ಚಳದ ಮೇಲೆ ಅರ್ಧ ಬೆಲ್ಲ. ಲಕ್ಷ್ಮಣಪ್ಪ ನೀರು ಕಂಡು ಕೈ ಮುಗಿದು, ‘ಪುಟ್ಟಯ್ಯ ಹೋದ್ಮೇಲೂ ಅವನ ಹೆಸರು ಉಳಿಸ್ದೆ ಕಣಪ್ಪಾ’ ಅಂದು ದನ ಬಿಚ್ಚೋಕೆ ಹೋದ.

ಆ ಒಂದು ಮಾತು. ಅದು ಬರದೇ ಇದ್ದಿದ್ದರೆ ಚಂದ್ರು ಸುಮ್ಮನೆ ಮನೆಗೆ ಬರ್ತಿದ್ದನೋ ಏನೋ. ಮುಚ್ಚಳದ ಮೇಲಿನ ಬೆಲ್ಲ ತಗೊಂಡ. ಗಂಗಮ್ಮನ ಪಾಲು. ಬಾಯಿಗೆ ಹಾಕ್ಕೊಂಡ. ಅಗಿದು ನುಂಗಿದ. ಇನ್ನು ಕೈಗುಣ ನಂದು ಅಂದುಕೊಂಡ. ಸಿಹಿಯೇ ಇರಲಿಲ್ಲವಂತೆ. ಬೋರಿನ ಮೊದಲ ನೀರು ಇರುತ್ತಲ್ಲ, ಕಬ್ಬಿಣದ ರುಚಿ, ಹಾಗಿತ್ತಂತೆ.

ಕೈಗುಣ ಬಂತು. ಸುಳ್ಳು ಹೇಳೋದಿಲ್ಲ. ಯಾರೂ ಆಗೋಲ್ಲ ಅಂತ ಕೈಬಿಟ್ಟ ಬೋರು, ಇವನು ಎರಡು ತಟ್ಟು ತಟ್ಟಿದರೆ ಸಾಕು. ತಟ್ಟೋ ಅಭ್ಯಾಸ ಯಾವಾಗ ಶುರುವಾಯ್ತು ಅಂತ ಅವನಿಗೇ ಗೊತ್ತಿಲ್ಲ. ಖುಷಿಯೋ ಖುಷಿ. ಹೇಮಶ್ರೀಗೆ ಸೀರೆ ತಂದ, ನನಗೂ ಒಂದು ತಂದ.

ಒಂದು ದಿನ ಬೀರೂರಿನಿಂದ ಫೋನು. ‘ಏನಪ್ಪಾ ಚಂದ್ರು, ಬತ್ತೀನಿ ಅಂದೋನು ಬರ್ಲೇ ಇಲ್ವಲ್ಲ? ಪುಣ್ಯಕ್ಕೆ ಆ ಯಜಮಾನ್ರು ಬಂದು ಮಾಡಿಕೊಟ್ರು.’

ಇವನು ಅಲ್ಲಿಂದ ಆಗಷ್ಟೇ ಬಂದಿದ್ದ. ಕೈಯಲ್ಲಿ ಇನ್ನೂ ಗ್ರೀಸು ಇತ್ತು.

ತಮಾಷೆ ಅಂದುಕೊಂಡ. ಇನ್ನೊಂದು ಕಡೆಯೂ ಅದೇ ಆಯ್ತು. ಕೆಲಸ ಮುಗಿಸಿ ತನ್ನ ಕಾರ್ಡು ಕೊಟ್ಟ. ಆ ಹೆಂಗಸು ಕಾರ್ಡು ನೋಡಿ, ‘ಇವ್ರಿಗೇ ಅಜ್ಜಾ ಫೋನ್ ಮಾಡಿದ್ದು, ಬರ್ಲೇ ಇಲ್ಲ. ಸಿಕ್ರೆ ಹೇಳಿ’ ಅಂದಳಂತೆ. ಅಜ್ಜಾ ಅಂದಳಂತೆ. ಹಗಲೆಲ್ಲ, ಬಜಾರಿನಲ್ಲಿ, ಮನೆಯಲ್ಲಿ, ಎಲ್ಲರಿಗೂ ಅವನು ಚಂದ್ರುನೇ. ಬೋರಿಗೆ ಕೈ ಇಟ್ಟ ಮೇಲೆ ಮಾತ್ರ... ಎದುರಿಗೆ ನಿಂತೋರಿಗೆ ಅವನು ಕಾಣೋದಿಲ್ಲ, ಪುಟ್ಟಯ್ಯ ಕಾಣ್ತಾನೆ. ಎದೆ ಮೇಲೆ ಹೆಸರು ಬರೆಸಿದ ಶರ್ಟು ಹಾಕ್ಕೊಂಡು ಹೋದ. ಅದೂ ಕಾಣಲಿಲ್ಲ.

ಯೋಚನೆ ಮಾಡಿ. ಯಾರ ಹೆಸರು ಕೇಳಿದರೆ ಮೈ ಉರಿಯುತ್ತೋ, ತಾನು ಬೆವರು ಸುರಿಸಿದ್ದೆಲ್ಲ ಅವನ ಹೆಸರಿಗೇ ಹೋಗೋದು. ಇದಕ್ಕಿಂತ ದೊಡ್ಡ ಶಿಕ್ಷೆ ಉಂಟಾ?

ಇಷ್ಟೂ ಅವನು ಹೇಳಿದ್ದು. ಈಗ ಹೇಳೋದು ನಾನೇ ಕಂಡದ್ದು. ಸೌಮ್ಯಾ, ಫೋನ್ ಕೆಳಗಿಡು.

ಹೇಮಶ್ರೀ ತಂಗಿಯ ಸೀಮಂತ ಚಂದ್ರು ಮನೆಯಲ್ಲೇ ಇಟ್ಟಿದ್ದರು. ಹಿಂದಿನ ರಾತ್ರಿ ಅಡಿಗೆ ಮನೆಯಲ್ಲಿ ನಾನು, ಹೇಮಶ್ರೀ, ಇಬ್ಬರೇ ಎಚ್ಚರ ಇದ್ದದ್ದು. ನಲ್ಲಿ ಸುಯ್ ಅಂತು, ನಿಂತುಹೋಯ್ತು. ಬೋರ್ ರಿಪೇರಿಯೋನ ಮನೆಯಲ್ಲೇ ನೀರಿಲ್ಲ! ಅವಳು ಚಂದ್ರುಗೆ ಫೋನ್ ಮಾಡಿ ಚೆನ್ನಾಗಿ ಬೈದಳು. ‘ಬಂದೆ’ ಅಂದ. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ... ಠಣ್... ಠಣ್. ಆಮೇಲೆ ನಲ್ಲಿ ಕೆಮ್ಮಿತು, ಕೆಂಪು ನೀರು ಬಂತು, ತಿಳಿಯಾಯ್ತು.

ಹೇಮಶ್ರೀ ಡಬ್ಬಿಯಿಂದ ಬೆಲ್ಲದ ತುಂಡು ತಗೊಂಡು ಹಿಂದಿನ ಬಾಗಿಲಿಗೆ ಹೋದಳು. ಅವಳ ಮಾತು ನನಗೆ ಚೆನ್ನಾಗಿ ಕೇಳಿಸ್ತು.

‘ತಗೊಳ್ಳಿ ಪುಟ್ಟಯ್ಯ ಮಾವ. ಈ ವಯಸ್ಸಲ್ಲಿ, ಈ ಚಳೀಲಿ ನಿಮ್ಗೆ ತೊಂದ್ರೆ. ನಮ್ಮನೆಯೋರು ನೋಡಿ, ಬತ್ತೀನಿ ಅಂದೋರು ಇನ್ನೂ ಬಂದಿಲ್ಲ.’

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳು ಒಳಗೆ ಬಂದಳು. ಮುಖದಲ್ಲಿ ಏನೂ ಇಲ್ಲ, ದಿನಾ ಇರೋ ಹಾಗೇ ಇದ್ದಾಳೆ.

‘ಹೇಮಾ... ಪುಟ್ಟಯ್ಯ ತೀರ್ಕೊಂಡಿಲ್ವೇನೇ? ನೀನೇ ತಿಥಿ ಊಟಕ್ಕೆ ಹೋಗಿ ಬಂದ್ಯಲ್ಲೇ.’

ನನ್ನನ್ನೇ ನೋಡಿದಳು. ‘ಹೌದಲ್ವಾ ಅಕ್ಕಾ...’ ಅಂದಳು. ಅಂದು ಹಾಗೇ ಗೋಡೆಗೆ ಒರಗಿ ಕೂತುಬಿಟ್ಟಳು.

‘ಏನಂದ ಅವನು?’

‘ಬೆಲ್ಲ ಹಿಡ್ಕೊಂಡು ನಿಂತಿದ್ರು. ಅಳ್ತಿದ್ರು.’

ನಾನು ಬಾಗಿಲಿಗೆ ಹೋದೆ. ಹೆದರಿಕೆ ಆಗಲಿಲ್ವಾ ಅಂದರೆ ಆಯ್ತು. ಹಿತ್ತಿಲಲ್ಲಿ ಪುಟ್ಟಯ್ಯ ನಿಂತಿದ್ದ. ಟವಲ್ಲು, ಬಿಳೀ ಗಡ್ಡ, ಬಗ್ಗಿದ ಬೆನ್ನು. ಬೆಲ್ಲ ಹಿಡಿದ ಕೈ ನೋಡಿದೆ. ಹಸಿರು ಪಟ್ಟಿಯ ವಾಚು.

‘ಚಂದ್ರೂ’ ಅಂದೆ. ಅಷ್ಟೇ. ಜೋರಾಗಿ ಕೂಡ ಅಲ್ಲ.

ತಲೆ ಎತ್ತಿದ. ಚಂದ್ರುನೇ. ಗಡ್ಡ ಇಲ್ಲ, ಟವಲ್ಲಿಲ್ಲ. ಓಡಿ ಬಂದು ಎಳೇ ಮಗು ಹಾಗೆ ನನ್ನ ಕೈ ಹಿಡ್ಕೊಂಡ. ‘ನನ್ನ ಹೆಂಡ್ತಿ ಕಣಕ್ಕಾ... ನನ್ನ ಹೆಂಡ್ತಿನೇ ನನ್ನ ಗುರುತು ಹಿಡೀಲಿಲ್ಲ ಕಣಕ್ಕಾ’ ಅಂತ ಅತ್ತ. ಅವತ್ತು ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದ. ಕೊನೆಗೆ ಒಂದೇ ಮಾತು ಕೇಳಿಕೊಂಡ. ‘ನಾ ಬೋರ್ ಹತ್ರ ಇರೋವಾಗ ಯಾರಾದ್ರೂ ನನ್ನ ಹೆಸರಿಡಿದು ಕರೀರಕ್ಕಾ. ಇಲ್ದಿದ್ರೆ ಒಂದಿನ ನಂಗೇ ಮರ್ತೋಗ್ತದೆ.’

ಕಸುಬು ಬಿಡು ಅಂದೆ. ಬಿಡೋದಿಲ್ಲ ಅವನು. ಬಿಟ್ಟರೆ ಆ ಕೈ ಬೇರೆ ಯಾರಿಗಾದರೂ ಹೋಗಿಬಿಡುತ್ತೆ ಅಂತ. ನೋಡಿ ಹೊಟ್ಟೆಕಿಚ್ಚು ಹೇಗಿದೆ!

ಅದಕ್ಕೇ ನಿಮಗೆ ಹೇಳಿದ್ದು. ಅವನು ಬಂದಾಗ ನಿಮ್ಮ ಕಣ್ಣಿಗೆ ಯಾರೇ ಕಾಣಲಿ, ಮುದುಕ ಕಾಣಲಿ, ಟವಲ್ಲು ಕಾಣಲಿ, ಚಂದ್ರು ಮಾವ ಅಂತಲೇ ಕರೀಬೇಕು. ಅಜ್ಜಾ ಗಿಜ್ಜಾ ಅಂದೀರಿ, ಜೋಕೆ. ಪಾಪ ಅವನು ಬದುಕಿರೋದೇ ಆ ಒಂದು ಕರೆಯ ಮೇಲೆ...

ಶ್...

ಕೇಳಿಸ್ತಾ? ಗೇಟಿನ ಹತ್ತಿರ. ಟೆಂಪೋ ನಿಂತಿತು.

ಸುಮ್ಮನಿರಿ ಎಲ್ಲ... ಅಗೋ. ಠಣ್... ಠಣ್. ಹೆದರಬೇಡಿ, ನಮ್ಮ ಚಂದ್ರುನೇ. ಭುವನಾ, ನಲ್ಲಿ ಕೆಳಗೆ ಬಕೆಟ್ ಇಡು. ಬಂತು ನೋಡು, ಬಂತು. ನಾನು ಹೇಳಲಿಲ್ವಾ, ಎಂಥ ಕೈ ಅಂತ.

ಸೌಮ್ಯಾ, ನೀನು ಹೋಗು. ಡಬ್ಬಿಯಿಂದ ಒಂದು ತುಂಡು ಬೆಲ್ಲ ತಗೋ. ನನಗೆ ಮಂಡಿ ನೋವು, ಏಳೋಕಾಗಲ್ಲ. ಬಾಗಿಲಲ್ಲೇ ನಿಂತು ಚಂದ್ರು ಮಾವ ಅನ್ನು, ಬೆಲ್ಲ ಕೊಡು, ಬಾ. ಅಷ್ಟೇ. ಹೋಗೇ, ನಾವೆಲ್ಲ ಇಲ್ಲೇ ಇದ್ದೀವಿ.

...

ಬಂದ್ಯಾ? ಕೊಟ್ಯಾ? ಚಂದ್ರು ಮಾವ ಅಂತ ಕರೆದ್ಯಾ?

ಕರೆದೆ ಅಂತೀಯ, ಮತ್ತೆ ಯಾಕೆ ಹಾಗೆ ನಿಂತಿದ್ದೀಯ? ಏನಂದ? ಸರಿಯಾಗಿ ಹೇಳು, ಪೂರ್ತಿ ಹೇಳು.

...‘ಚಂದ್ರು ಇನ್ನೂ ಬಂದಿಲ್ಲ ಕಣವ್ವಾ, ನಾನೂ ಅವನ್ನೇ ಕಾಯ್ತಾ ಇವ್ನಿ’ ಅಂದನಾ.

ಕೈ ನೋಡಿದ್ಯಾ?

ಹಸಿರು ಪಟ್ಟಿ ಇತ್ತು ಅಂತೀಯ.

ಹಿಡ್ಕೊಳ್ಳಿ ನನ್ನ, ಏಳಿಸಿ. ಬಾಗಿಲು ಪೂರ್ತಿ ತೆಗೀರಿ... ಚಂದ್ರೂ... ಚಂದ್ರೂ...

ನೀವೂ ಕೂಗ್ರೇ.

ಯಾರೂ ಇಲ್ಲ. ಮುಚ್ಚಳದ ಮೇಲೆ ಅರ್ಧ ಬೆಲ್ಲ ಇದೆ. ಟೆಂಪೋ ಗೇಟಿನ ಹತ್ತಿರವೇ ನಿಂತಿದೆ. ಸುಳ್ಳು ಅನ್ನೋರು ಹೋಗಿ ಬಾನೆಟ್ ಮುಟ್ಟಿ ನೋಡಿ, ಇನ್ನೂ ಬಿಸಿ ಇರುತ್ತೆ.